ಪೆನ್ನಿಗೊಂದು ಪುಸ್ತಕ

ಹೊಗಾರ್ತ್ ಎಂಬ ಕಲಾವಿದ 1741ರಲ್ಲಿ ಮಾಡಿದ ಒಂದು ಚಿತ್ರ ಇದೆ. ಲಂಡನ್ನಿನ ಮನೆಯೊಂದರ ಕಿಟಕಿಯಲ್ಲಿ ಪಿಟೀಲು ವಾದಕನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಾನೆ. ಕೆಳಗೆ ಬೀದಿ ತುಂಬ ಗಲಾಟೆ. ಅದರ ನಡುವೆ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಲಾವಣಿ ಹಾಡುತ್ತ ಅದರ ಹಾಳೆ ಮಾರುತ್ತಿದ್ದಾಳೆ. ನೋಡಿದವರು ಸಂಗೀತಗಾರನ ಸಿಟ್ಟಿಗೆ ನಗುತ್ತಾರೆ. ನನ್ನ ಕಣ್ಣು ಮಾತ್ರ ಪ್ರತಿ ಸಲ ಆ ಹೆಂಗಸಿನ ಮೇಲೆಯೇ ನಿಲ್ಲುತ್ತದೆ. 18ನೇ ಶತಮಾನದ ಇಂಗ್ಲೆಂಡ್ ಅಂದರೆ ಕಾದಂಬರಿ ಹುಟ್ಟಿದ ಕಾಲ ಅಂತ ನಾವು ಓದಿದ್ದೇವೆ ಅಲ್ವಾ? ಅವಳ ಕೈಯಲ್ಲಿದ್ದ ಹಾಳೆಯ ಬಗ್ಗೆ, ಅಂಥವೇ ಅಗ್ಗದ ಪುಸ್ತಕಗಳ ಬಗ್ಗೆ ಯಾರೂ ಹೇಳಲಿಲ್ಲ. ಅದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಲೆಕ್ಕ ನೋಡಿ. 1719ರಲ್ಲಿ 'ರಾಬಿನ್ಸನ್ ಕ್ರೂಸೋ' ಕಾದಂಬರಿ ಬಂದಾಗ ಅದರ ಬೆಲೆ 5 ಶಿಲಿಂಗ್. ಕೂಲಿಯವನಿಗೆ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು ಒಂದು ಶಿಲಿಂಗ್. ಹೆಚ್ಚುಕಡಿಮೆ ಒಂದು ವಾರದ ದುಡಿಮೆ ಒಂದೇ ಪುಸ್ತಕಕ್ಕೆ! ಆಮೇಲೆ ಅದೇ ಕಥೆಯನ್ನು 24 ಪುಟಕ್ಕೆ ಇಳಿಸಿದ ಚಾಪ್‌ಬುಕ್ ಬಂತು. ಬೆಲೆ ಒಂದು ಪೆನ್ನಿ, ಅಂದರೆ ಶಿಲಿಂಗಿನ ಹನ್ನೆರಡನೇ ಒಂದು ಪಾಲು. ಊರಿನ ಬಹುಪಾಲು ಜನ ಕ್ರೂಸೋನನ್ನು ಕಂಡದ್ದು ಇಲ್ಲಿಯೇ.

ಒಂದು ದೊಡ್ಡ ಹಾಳೆಯ ಎರಡೂ ಕಡೆ ಅಚ್ಚು ಹಾಕಿ, ಮಡಚಿದರೆ ಅಂಗೈಯಲ್ಲಿ ಹಿಡಿಯುವಂಥ ಪುಸ್ತಕ. ದೈತ್ಯರನ್ನು ಕೊಂದ ಜಾಕ್, ಹೆಬ್ಬೆರಳಿನಷ್ಟು ಟಾಮ್, ರಾಬಿನ್ ಹುಡ್, ಲಂಡನ್ನಿನ ಮೇಯರ್ ಆದ ಬಡ ಹುಡುಗ ವಿಟಿಂಗ್ಟನ್, ಎಲ್ಲರೂ ಅದರಲ್ಲಿ ಇದ್ದರು. ಸೂಜಿ, ದಾರ, ರಿಬ್ಬನ್ ಜೊತೆ ಇವನ್ನೂ ಗಂಟು ಕಟ್ಟಿಕೊಂಡು ಚಾಪ್‌ಮನ್ ಎಂಬ ತಿರುಗು ವ್ಯಾಪಾರಿಗಳು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಈ ವ್ಯಾಪಾರದಲ್ಲಿ ದೊಡ್ಡ ಹೆಸರು ಡೈಸಿ ಕುಟುಂಬದ್ದು. 1720ರಲ್ಲಿ ನಾರ್ಥಾಂಪ್ಟನ್‌ನಲ್ಲಿ ವಾರಪತ್ರಿಕೆ ಶುರು ಮಾಡಿದವರಲ್ಲಿ ಅವರೂ ಇದ್ದರು. ಬೇಟ್‌ಮನ್ ಎಂಬ ಡಾಕ್ಟರ ಹೆಸರಿನ ಹನಿ ಔಷಧಿಯನ್ನೂ ಮಾರುತ್ತಿದ್ದರು. ಲಂಡನ್ನಿನ ಬೋ ಚರ್ಚ್‌ಯಾರ್ಡ್‌ನಲ್ಲಿ ಅವರ ಮುದ್ರಣಾಲಯ ಇತ್ತು.

ಶತಮಾನದ ನಡುವಿನಲ್ಲಿ ಮದುವೆ ದಾಖಲೆಗೆ ಸಹಿ ಹಾಕಲು ಬಾರದ ವಧುಗಳೇ ಅರ್ಧಕ್ಕಿಂತ ಜಾಸ್ತಿ. ಮತ್ತೆ ಇದನ್ನೆಲ್ಲ ಓದಿದವರು ಯಾರು? ಒಬ್ಬರು ಓದಿದರೆ ಹತ್ತು ಜನ ಕೇಳುತ್ತಿದ್ದರು. ಲಾವಣಿಯ ಹಾಳೆಯಲ್ಲಿ ಸ್ವರಲಿಪಿ ಹಾಕುವುದು ಅಪರೂಪ. ಎಷ್ಟೋ ಹಾಳೆಗಳ ತಲೆಯ ಮೇಲೆ 'ಇಂಥ ಧಾಟಿಯಲ್ಲಿ ಹಾಡುವುದು' ಅಂತ ಬರೆದಿದ್ದರೆ ಸಾಕಿತ್ತು. ಧಾಟಿ ಹೇಗೂ ಎಲ್ಲರ ಬಾಯಲ್ಲಿ ಇತ್ತು. ಚಿತ್ರಕ್ಕೆ ಸವೆದು ಹೋದ ಮರದ ಅಚ್ಚು. ಒಂದು ಹಾಳೆಯಲ್ಲಿ ರಾಜನಾಗಿದ್ದವನು ಇನ್ನೊಂದರಲ್ಲಿ ಬೇರೆ ಯಾರೋ ಆಗುತ್ತಿದ್ದ. ಕೇಳುವವರಿಗೆ ಅದರಿಂದ ಏನೂ ಕೊರತೆ ಆಗಲಿಲ್ಲ.

ಇದನ್ನು ಕಸ ಅಂದವರಿಗೆ ನಾನು ಲೇಖಕ ಬಾಸ್ವೆಲ್‌ನನ್ನು ತೋರಿಸುತ್ತೇನೆ. 1763ರಲ್ಲಿ, 22ನೇ ವಯಸ್ಸಿನಲ್ಲಿ, ಅವನು ಬೋ ಚರ್ಚ್‌ಯಾರ್ಡ್‌ಗೆ ಹೋಗಿ ಬಾಲ್ಯದಲ್ಲಿ ಓದಿದ್ದ ಇಂಥ ಕಥೆಪುಸ್ತಕಗಳನ್ನು ಎರಡು ಡಜನ್ ಕೊಂಡು ತಂದ. ಅವನ ಸಂಗ್ರಹ ಈಗ ಹಾರ್ವರ್ಡ್‌ನಲ್ಲಿದೆ. ಉಳಿದ ಎಷ್ಟೋ ಪ್ರತಿಗಳು ಕೈಯಿಂದ ಕೈಗೆ ಹೋಗಿ ಹರಿದವು, ಪೊಟ್ಟಣ ಕಟ್ಟಲು ಹೋದವು, ಒಲೆಗೆ ಹೋದವು.

ಶತಮಾನದ ಕೊನೆಯಲ್ಲಿ ಉಳ್ಳವರಿಗೆ ಈ ಪುಸ್ತಕಗಳ ಶಕ್ತಿ ಅರ್ಥವಾಗಿ ಭಯ ಹುಟ್ಟಿತು. 1795ರಲ್ಲಿ ಹಾನಾ ಮೋರ್ ಎಂಬ ಲೇಖಕಿ ಅದೇ ಗಾತ್ರ, ಅದೇ ಥರದ ಚಿತ್ರ, ಅಷ್ಟೇ ಅಗ್ಗದ ಬೆಲೆ ಇಟ್ಟು, ಒಳಗೆ ನೀತಿ ತುಂಬಿದ ಪುಸ್ತಕಗಳನ್ನು ಮಾರಾಟಕ್ಕೆ ಇಳಿಸಿದಳು. ಒಂದು ವರ್ಷದಲ್ಲಿ 20 ಲಕ್ಷ ಪ್ರತಿ ಹೋಯಿತು. ಆದರೆ ಅದರಲ್ಲಿ ಬಹಳಷ್ಟನ್ನು ಕೊಂಡವರು ಸ್ಥಿತಿವಂತರು, ಬಡವರಿಗೆ ಹಂಚಲು. ಹಂಚಿದ ಪ್ರತಿಗೂ, ಬಡವರು ತಮ್ಮ ಪೆನ್ನಿ ಕೊಟ್ಟು ಕೊಂಡ ಪ್ರತಿಗೂ ಒಂದೇ ತೂಕ ಹಾಕಲು ನನಗೆ ಮನಸ್ಸಿಲ್ಲ.

ಕವಿ ಜಾನ್ ಕ್ಲೇರ್ ಹುಟ್ಟಿದ್ದು 1793ರಲ್ಲಿ, ಹೆಲ್ಪ್‌ಸ್ಟನ್ ಎಂಬ ಹಳ್ಳಿಯಲ್ಲಿ. ತಾಯಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಕೂಲಿ ಮಾಡುತ್ತಿದ್ದ ತಂದೆಗೆ ಬೀದಿಯಲ್ಲಿ ಪೆನ್ನಿಗೆ ಸಿಗುವ ಕಥೆ, ಲಾವಣಿ ಅಂದರೆ ಪ್ರಾಣ. ನೂರಕ್ಕೂ ಜಾಸ್ತಿ ಹಾಡು ಬಾಯಲ್ಲಿವೆ ಅಂತ ಪಕ್ಕದ ಹೆಂಡದಂಗಡಿಯಲ್ಲಿ ಹೆಮ್ಮೆಪಡುತ್ತಿದ್ದ. ಹುಡುಗ ಕ್ಲೇರ್ ಮೊದಮೊದಲು ಆ ಹಾಡುಗಳನ್ನೇ ನೋಡಿ ತಾನೂ ಪದ್ಯ ಕಟ್ಟಿದ. ತನ್ನದು ಅಂತ ಹೇಳಿದರೆ ಮನೆಯವರು ನಗುತ್ತಾರೆ ಅಂತ, ಪುಸ್ತಕವೊಂದನ್ನು ಮುಂದೆ ಹಿಡಿದು ಅದರಿಂದ ಓದುವ ಹಾಗೆ ತನ್ನ ಸಾಲುಗಳನ್ನು ಹೇಳುತ್ತಿದ್ದ. ಅಪ್ಪ ಅಮ್ಮ ಇಬ್ಬರೂ ಮೆಚ್ಚುತ್ತಿದ್ದರು. ನೀನೂ ಇಷ್ಟು ಚೆನ್ನಾಗಿ ಬರೆದರೆ ಆಯ್ತು ಅನ್ನುತ್ತಿದ್ದರು.