ಸ್ಪಷ್ಟನೆ: ಹೆಣ್ಣುಮಕ್ಕಳ ನಾಯಕತ್ವಕ್ಕೆ ಒಂದೇ ಅಚ್ಚಿಲ್ಲ

'ಹೆಂಗಸರು ನಾಯಕರಾದರೆ ಅಮ್ಮನಂತೆ ಮೆತ್ತಗೆ ನಡೆಸುತ್ತಾರೆ, ಅದೇ ಅವರ ಶೈಲಿ' ಎಂಬ ಸಂದೇಶ ಹರಿದಾಡುತ್ತಿದೆ. ಹೊಗಳಿಕೆಯಂತೆ ಕಂಡರೂ ಇದು ನಿಜವಲ್ಲ. ಖಡಕ್ಕಾಗಿ ಮಾತಾಡುವ ಹುಡುಗಿ ಇದನ್ನು ಓದಿದರೆ 'ನನ್ನಿಂದಾಗದು' ಅಂದುಕೊಳ್ಳುತ್ತಾಳೆ, ಅಲ್ವಾ?

1979ರಿಂದ 1990ರವರೆಗೆ ಬ್ರಿಟನ್ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಹಿಡಿದ ಪಟ್ಟು ಬಿಡುವವರಲ್ಲ. ಜರ್ಮನಿಯನ್ನು 16 ವರ್ಷ ನಡೆಸಿದ ಆಂಗೆಲಾ ಮರ್ಕೆಲ್ ಅಳೆದು ತೂಗಿ ತೀರ್ಮಾನಿಸುವವರು. ವಂಗಾರಿ ಮಾಥಾಯ್ ಕುರ್ಚಿಗೆ ಕಾಯಲೇ ಇಲ್ಲ. 1977ರಲ್ಲಿ ಕೀನ್ಯಾದ ಹಳ್ಳಿ ಹೆಂಗಸರನ್ನು ಕಟ್ಟಿಕೊಂಡು ಗಿಡ ನೆಡುವ ಚಳವಳಿ ಶುರುಮಾಡಿದರು.

ಇನ್ನು ನ್ಯೂಜಿಲೆಂಡ್ ಪ್ರಧಾನಿಯಾಗಿದ್ದ ಜೆಸಿಂಡಾ ಆರ್ಡರ್ನ್. 2019ರಲ್ಲಿ ಅಲ್ಲಿನ ಕ್ರೈಸ್ಟ್‌ಚರ್ಚ್ ನಗರದ ಮಸೀದಿಗಳಲ್ಲಿ ನಡೆದ ಗುಂಡಿನ ದಾಳಿಯ ನಂತರ ಅವರು ನೊಂದವರನ್ನು ತಬ್ಬಿಕೊಂಡ ಫೋಟೊ ಜಾಸ್ತಿ ಜನರಿಗೆ ನೆನಪಿದೆ. ಆದರೆ ಒಂದೇ ತಿಂಗಳೊಳಗೆ, ಬಹುತೇಕ ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗಿಯೇ ತುಂಬಿಕೊಳ್ಳುವ) ಬಂದೂಕುಗಳನ್ನು ನಿಷೇಧಿಸುವ ಕಾನೂನು ತಂದದ್ದೂ ಅವರ ಸರ್ಕಾರವೇ.