ಸ್ಪಷ್ಟನೆ: ಪ್ಯಾಂಥಿಯನ್ ಒಳಗೆ ಮಳೆ ಖಂಡಿತ ಬೀಳುತ್ತದೆ

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಜೋರಾಗಿ ಓಡಾಡುತ್ತಿದೆ. ರೋಮ್‌ನ ಪ್ಯಾಂಥಿಯನ್ ಎಂಬ ಪ್ರಾಚೀನ ದೇವಾಲಯದ ಗುಮ್ಮಟದ ನೆತ್ತಿಯಲ್ಲಿ ದೊಡ್ಡ ತೂತಿದ್ದರೂ ಒಳಗೆ ಒಂದು ಹನಿಯೂ ಬೀಳಲ್ಲ, ಒಳಗಿನ ಬಿಸಿಗಾಳಿ ಮಳೆಯನ್ನು ಮೇಲೆಯೇ ತಡೆಯುತ್ತದೆ ಅಂತ. ಇದು ತಪ್ಪು.

ಆ ತೂತು 8 ಮೀಟರ್‌ಗಿಂತ ಅಗಲ. ಮಳೆ ಬಂದರೆ ನೀರು ನೇರವಾಗಿ ನೆಲಕ್ಕೇ ಬೀಳುತ್ತದೆ. ಸಾಕ್ಷಿ ಅಲ್ಲಿನ ನೆಲದಲ್ಲೇ ಇದೆ. ನೀರು ನಿಲ್ಲದಿರಲಿ ಅಂತ ಕಲ್ಲುಹಾಸು ನಡುವೆ ತುಸು ಉಬ್ಬಿದೆ. ಅದೇ ಜಾಗದಲ್ಲಿ 22 ಸಣ್ಣ ತೂತುಗಳಿವೆ, ನೀರು ಅವುಗಳ ಮೂಲಕ ಕೆಳಗಿನ ಕಾಲುವೆಗೆ ಇಳಿಯುತ್ತದೆ. ಮಳೆಯೇ ಬೀಳದಿದ್ದರೆ ಇದೆಲ್ಲ ಯಾಕೆ ಬೇಕಿತ್ತು, ಅಲ್ವಾ?

ನಿಜವಾದ ಸಂಗತಿಯೇ ಇದಕ್ಕಿಂತ ಜಾಸ್ತಿ ಸೊಗಸಾಗಿದೆ. ಗುಮ್ಮಟದ ಅಗಲ ಸುಮಾರು 43 ಮೀಟರ್, ನೆಲದಿಂದ ನೆತ್ತಿಯ ಎತ್ತರವೂ ಅಷ್ಟೇ. ಅಂದರೆ ಒಳಗೆ ಒಂದು ಪೂರ್ತಿ ಗೋಳ ಸರಿಯಾಗಿ ಕೂರುತ್ತದೆ. ಗುಮ್ಮಟ ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನದು. ಬುಡದಲ್ಲಿ ಭಾರದ ಕಲ್ಲುಚೂರು, ಮೇಲೆ ಹೋದಂತೆ ಹಗುರವಾದ ಜ್ವಾಲಾಮುಖಿ ಕಲ್ಲು ಬೆರೆಸಿದ್ದಾರೆ. ನೆತ್ತಿಯ ತೂತೂ ಭಾರ ಇಳಿಸುತ್ತದೆ, ಬೆಳಕೂ ಕೊಡುತ್ತದೆ. ಎರಡನೇ ಶತಮಾನದಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿದ ಈ ಕಟ್ಟಡ 609ರಲ್ಲಿ ಚರ್ಚ್ ಆಯಿತು. ಇಂದಿಗೂ ಅಲ್ಲಿ ಬಲಿಪೂಜೆ (ಕ್ರೈಸ್ತರ ‘ಮಾಸ್’ ಪ್ರಾರ್ಥನೆ) ನಡೆಯುತ್ತದೆ. ಈಸ್ಟರ್ ಆದ ಏಳು ವಾರಕ್ಕೆ ಬರುವ ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬದಂದು ಅದೇ ತೂತಿನಿಂದ ಕೆಂಪು ಗುಲಾಬಿ ಎಸಳು ಸುರಿಸುತ್ತಾರೆ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.