ನೋವು ಎಷ್ಟಿದೆ ಅಂತ ಮಗುವನ್ನೇ ಕೇಳಬಾರದಾ?

ಊರಿನಿಂದ ತಂಗಿ ವಿಡಿಯೋ ಕಾಲ್ ಮಾಡಿದ್ದಳು. ಅವಳ ಮಗನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಲ್ಯಾಪ್ರೋಸ್ಕೋಪಿ, ಮೂರು ಸಣ್ಣ ತೂತು ಅಷ್ಟೆ. ಹುಡುಗ ಭುಜ ನೋವು ಅಂತ ಮುಲುಗುತ್ತಿದ್ದ. "ಕೊಯ್ದಿದ್ದು ಹೊಟ್ಟೆ, ನೋಯೋದು ಭುಜಾನಾ? ಗಂಡು ಹುಡುಗರು ಹೀಗೆ ಅಳ್ತಾರೇನೋ?" ಅಂದರು ದೊಡ್ಡಮ್ಮ. ಪಕ್ಕದಲ್ಲಿದ್ದ ಸಿಸ್ಟರ್ ಕೂಡ ನಕ್ಕರು. ನನಗೆ ಮೈ ಉರಿಯಿತು.

ಅದು ನಾಟಕ ಅಲ್ಲ. ಒಳಗೆ ಕ್ಯಾಮೆರಾ ಆಡಿಸಲು ಜಾಗ ಬೇಕು ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಅದು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ. ವಪೆಯ ನರವೂ ಭುಜದ ನರವೂ ಕತ್ತಿನಲ್ಲಿ ಒಂದೇ ಕಡೆ ಹುಟ್ಟುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ.

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನನ್ನ ಮಗಳಿಗೂ ಇದೇ ಆಪರೇಷನ್ ಆಗಿತ್ತು. ನರ್ಸ್ ನಮ್ಮನ್ನು ಮಾತಾಡಿಸಲೇ ಇಲ್ಲ. ಆರು ಮುಖಗಳ ಕಾರ್ಡ್ ಹಿಡಿದು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ನಗುವ ಮುಖಕ್ಕೆ 0, ಅಳುವ ಮುಖಕ್ಕೆ 10. ಮಗಳು ಯೋಚಿಸಿ 6ರ ಮೇಲೆ ಬೆರಳಿಟ್ಟಳು. "ಅಷ್ಟೊಂದಿಲ್ಲ ಅಲ್ವಾ ಪುಟ್ಟಿ?" ಅಂದಳು ನನ್ನ ಹೆಂಡತಿ. ನರ್ಸ್ 6 ಅಂತಲೇ ಬರೆದುಕೊಂಡಳು. ಆಮೇಲೆ ಕೆಮ್ಮಿಸಿ ಮತ್ತೆ ಕೇಳಿದಳು. ಸುಮ್ನೆ ಮಲಗಿದಾಗಿನ ನೋವೇ ಬೇರೆ, ಕೆಮ್ಮಿದಾಗಿನ ನೋವೇ ಬೇರೆ.

ಎಚ್ಚರವಾಗುವ ಮೊದಲೇ ತೂತುಗಳ ಸುತ್ತ ಮರಗಟ್ಟಿಸುವ ಔಷಧಿ ಚುಚ್ಚಿದ್ದರು. ಆಮೇಲೆ ತೂಕ ನೋಡಿ ಪ್ಯಾರಸಿಟಮಾಲ್, ಐಬುಪ್ರೊಫೆನ್, ಗಡಿಯಾರ ನೋಡಿಕೊಂಡು. ಅದಕ್ಕೂ ಬಗ್ಗದಿದ್ದರೆ ಮಾತ್ರ ಮಾರ್ಫಿನ್. ಕೊಡೀನ್ ಅನ್ನೋ ನೋವಿನ ಔಷಧಿ ಅಂತೂ 12 ವರ್ಷದೊಳಗಿನವರಿಗೆ ಇಲ್ಲಿ 2013ರಿಂದಲೇ ಇಲ್ಲ. ಕೆಲವು ಮಕ್ಕಳ ಮೈಯಲ್ಲಿ ಅದು ಬೇಗ ಮಾರ್ಫಿನ್ ಆಗಿ ಉಸಿರಾಟಕ್ಕೇ ಕುತ್ತು ತರುತ್ತದೆ.

ನಮ್ಮಲ್ಲಿ? "ಮಾತ್ರೆ ಜಾಸ್ತಿ ಆದ್ರೆ ಕಿಡ್ನಿ ಹೋಗತ್ತೆ, ತಡ್ಕೊಳ್ಳಲಿ." ಮಗು ಕಿರುಚಿದ ಮೇಲೆ ಕೊಡುವುದು ಹಾಲು ಉಕ್ಕಿದ ಮೇಲೆ ಒಲೆ ಆರಿಸಿದ ಹಾಗೆ. ನೋವಿಗೆ ಹೆದರಿದ ಮಗು ಎದ್ದು ಓಡಾಡುವುದಿಲ್ಲ, ಸರಿಯಾಗಿ ಉಸಿರೂ ಎಳೆಯುವುದಿಲ್ಲ. ಬೆಂಗಳೂರಿನ ಅನಸ್ತೇಶಿಯಾ ಡಾಕ್ಟರುಗಳಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಎಡವಟ್ಟಾಗುವುದು ವಾರ್ಡಿಗೆ ಬಂದ ಮೇಲೆ, ನೆಂಟರ ನಡುವೆ.

ಹಾಗಂತ ಇಲ್ಲಿ ಎಲ್ಲ ಸೊಗಸಲ್ಲ. ಎಮರ್ಜೆನ್ಸಿಯಲ್ಲಿ ರಾತ್ರಿಯಿಡೀ ಕುರ್ಚಿಯಲ್ಲೇ ಕಾಯಿಸಿದರು. ಆಪರೇಷನ್ ಆದ ಮಾರನೇ ದಿನವೇ ಮನೆಗೆ ಕಳಿಸಿದರು. ಗಂಜಿ ಕಾಯಿಸಿ ಕೊಡಲು ಇನ್ನೊಂದು ಕೈ ಇಲ್ಲ. ಮಕ್ಕಳ ಮನಸ್ಸು ಬೇರೆಡೆ ಹೋದರೆ ನೋವು ತಗ್ಗುತ್ತದೆ ಅಂತ ಆಟ ಆಡಿಸಲು ಸಂಬಳ ಕೊಟ್ಟು ಒಬ್ಬರನ್ನು ಇಟ್ಟಿರುತ್ತಾರೆ, ಅವರು ಸಂಜೆಗೆ ಮನೆಗೆ ಹೊರಡುತ್ತಾರೆ. ಊರಲ್ಲಿ ಆ ಕೆಲಸಕ್ಕೆ ಅಜ್ಜಿ, ಅತ್ತೆ, ಪಕ್ಕದ ಬೆಡ್ಡಿನವರು, ಎಲ್ಲ ಪುಕ್ಕಟೆ. ಆ ಒಂದು ವಿಷಯಕ್ಕೆ ಊರೇ ವಾಸಿ ಅಂತ ಒಪ್ಪಿಕೊಳ್ಳಬೇಕು.